ಡಿಕ್ಕಿ ಮೇಲೆ ಹೈಬ್ರಿಡ್ ಅಂತಿದೆ, ಆದರೆ ಯಾವ ಹೈಬ್ರಿಡ್?

ಫೋನಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಹುಡುಕುವವರ ಕಣ್ಣು ಈಗ ಒಂದು ಕಡೆ ನಿಲ್ಲುತ್ತಿದೆ. 2014, 2015ರ ಟೊಯೋಟಾ ಕ್ಯಾಮ್ರಿ ಹೈಬ್ರಿಡ್. ಹೊಸದಾಗಿದ್ದಾಗ ಮೂವತ್ತು ಲಕ್ಷದ ಕಾರು, ಈಗ ಹೊಸ ಚಿಕ್ಕ ಕಾರಿನ ಬೆಲೆಗೆ ಬರುತ್ತದೆ ಅನ್ನುತ್ತಾರೆ. ಅದರ ಕೆಳಗೇ ಮಾರುತಿ ಸಿಯಾಜ್, ಎರ್ಟಿಗಾ. ಮಾರುವವರು ಅವಕ್ಕೂ ಹೈಬ್ರಿಡ್ ಅಂತಲೇ ಬರೆದಿರುತ್ತಾರೆ. ತಗೊಂಡರೆ ಹೇಗೆ ಅಂತ ನಮ್ಮನ್ನು ಕೇಳುವವರು ಹೆಚ್ಚಾಗಿದ್ದಾರೆ.

ನಮ್ಮ ಕಡೆ ಹೈಬ್ರಿಡ್ ಅನ್ನುವ ಮಾತು ಮೊದಲು ಬಂದಿದ್ದು ಜೋಳದ ಜೊತೆ, ಆಮೇಲೆ ಹತ್ತಿಯ ಜೊತೆ. ಹೈಬ್ರಿಡ್ ಅಂದ ಮಾತ್ರಕ್ಕೆ ಯಾರೂ ಬೀಜ ಕೊಳ್ಳುವುದಿಲ್ಲ, ಯಾವ ತಳಿ, ಯಾವ ವರ್ಷದ್ದು ಅಂತ ಪೊಟ್ಟಣ ತಿರುಗಿಸಿ ನೋಡುತ್ತೇವೆ. ಕಾರಿಗೂ ಅದನ್ನೇ ಮಾಡಬೇಕು. ಯಾಕೆಂದರೆ ನಮ್ಮ ದೇಶದಲ್ಲಿ ಆ ಹೆಸರು ಯಾವ ಕಾರಿಗೆ ಅಂಟಬೇಕು ಅನ್ನುವುದನ್ನು ಎಂಜಿನಿಯರುಗಳಷ್ಟೇ ತೆರಿಗೆ ಇಲಾಖೆಯೂ ತೀರ್ಮಾನಿಸಿದೆ.

ಮೊದಲು ಯಂತ್ರದ ಕಥೆ. ಪೆಟ್ರೋಲ್ ಎಂಜಿನ್ನನ್ನೂ ಕರೆಂಟಿನ ಮೋಟರನ್ನೂ ಒಂದೇ ಗಾಡಿಗೆ ಕೂರಿಸುವ ಯೋಚನೆ ಹೊಸದೇನಲ್ಲ. ಫರ್ಡಿನಾಂಡ್ ಪೋರ್ಷೆ ವಿಯೆನ್ನಾದ ಲೋನರ್ ಕಂಪನಿಯಲ್ಲಿದ್ದಾಗ, 1900ರ ಹೊತ್ತಿಗೇ ಅಂಥ ಗಾಡಿ ಮಾಡಿದ್ದರು. ಸೀಸದ ಬ್ಯಾಟರಿಯ ಭಾರಕ್ಕೆ, ಬೆಲೆಗೆ ಅದು ಮುಂದೆ ಹೋಗಲಿಲ್ಲ. ಪೆಟ್ರೋಲ್ ಅಗ್ಗವಾಗಿತ್ತು, ಜನ ಮರೆತರು.

ಮತ್ತೆ ನೆನಪಾಗಿದ್ದು 1997ರ ಡಿಸೆಂಬರಿನಲ್ಲಿ. ಜಪಾನಿನ ಕ್ಯೋಟೋದಲ್ಲಿ ಹವಾಮಾನದ ಬಗ್ಗೆ ಜಗತ್ತಿನ ಸರ್ಕಾರಗಳು ಸಭೆ ಸೇರಿದ್ದ ತಿಂಗಳಲ್ಲೇ ಟೊಯೋಟಾ ಪ್ರಿಯಸ್ ಅನ್ನುವ ಕಾರನ್ನು ಮಾರಾಟಕ್ಕೆ ಬಿಟ್ಟಿತು. ಅದರಲ್ಲಿದ್ದದ್ದು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಬ್ರೇಕ್ ಒತ್ತಿದಾಗ ಚಕ್ರದ ಓಟವೇ ಮೋಟರನ್ನು ತಿರುಗಿಸಿ ಕರೆಂಟು ಹುಟ್ಟಿಸುತ್ತದೆ. ಹಳೆ ಸೈಕಲ್ಲಿನ ಡೈನಮೋ ನೆನಪಿಸಿಕೊಳ್ಳಿ. ಅದನ್ನು ಟೈರಿಗೆ ತಾಗಿಸಿದರೆ ದೀಪ ಹತ್ತುತ್ತಿತ್ತು, ಪೆಡಲ್ ಭಾರವಾಗುತ್ತಿತ್ತು. ಇಲ್ಲಿ ಆ ಭಾರವೇ ಬ್ರೇಕು, ಹುಟ್ಟಿದ ಕರೆಂಟು ಬ್ಯಾಟರಿಗೆ. ಕಾರು ಮತ್ತೆ ಹೊರಡುವಾಗ ಆ ಕರೆಂಟು ಎಂಜಿನ್ನಿಗೆ ಹೆಗಲು ಕೊಡುತ್ತದೆ. ಪ್ಲಗ್ ಹಾಕಿ ಚಾರ್ಜ್ ಮಾಡುವ ಕೆಲಸವಿಲ್ಲ.

ಇದರಿಂದ ಒಂದು ಮಾತು ತಾನಾಗಿ ಹೊರಡುತ್ತದೆ. ಪದೇ ಪದೇ ಬ್ರೇಕ್ ಒತ್ತುವ ಪೇಟೆಯಲ್ಲಿ ಹೈಬ್ರಿಡ್ಡಿನ ಲಾಭ ಹೆಚ್ಚು. ಹೈವೇಯಲ್ಲಿ ಒಂದೇ ಸಮ ನೂರರಲ್ಲಿ ಓಡಿಸುವವರಿಗೆ ಅಷ್ಟು ಉಳಿಯುವುದಿಲ್ಲ. ಊರಿಂದ ಜಿಲ್ಲಾ ಕೇಂದ್ರಕ್ಕೆ ನೇರ ರಸ್ತೆ, ವಾರಕ್ಕೆ ಎರಡು ಸಲ ಹೋಗಿಬರುವುದು ಅನ್ನುವವರು ಮೈಲೇಜಿನ ಆಸೆಯನ್ನು ಸ್ವಲ್ಪ ತಗ್ಗಿಸಿಕೊಳ್ಳುವುದು ಒಳ್ಳೆಯದು.

ಪ್ರಿಯಸ್ ಬಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ, ಆ ಬ್ಯಾಟರಿ ಎಷ್ಟು ದಿನ ಬಾಳುತ್ತದೆ? ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 2011ರಲ್ಲಿ ಇದಕ್ಕೊಂದು ಉತ್ತರ ಹುಡುಕಿತು. 2002ರ ಪ್ರಿಯಸ್ ಒಂದನ್ನು ತಂದು ಅಳೆಯಿತು. ಅದಾಗಲೇ ಸುಮಾರು 3.3 ಲಕ್ಷ ಕಿ.ಮೀ. ಓಡಿತ್ತು. ಹತ್ತು ವರ್ಷ ಹಿಂದೆ ಅವರೇ ಹೊಸ ಪ್ರಿಯಸ್ಸಿನಲ್ಲಿ ಅಳೆದಿದ್ದ ಮೈಲೇಜಿಗೂ ಇದಕ್ಕೂ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಎರಡೂ ಲೀಟರಿಗೆ 17 ಕಿ.ಮೀ. ಆಸುಪಾಸು.

ಹಾಗಂತ ಎಲ್ಲ ಹೈಬ್ರಿಡ್ಡೂ ಹೀಗೆ ಬಾಳಲಿಲ್ಲ. ಹೋಂಡಾ ಸಿವಿಕ್ ಹೈಬ್ರಿಡ್ ನೋಡಿ. ಅಮೆರಿಕದಲ್ಲಿ 2006ರಿಂದ 2008ರ ಸಿವಿಕ್‌ಗಳ ಬ್ಯಾಟರಿ ಬೇಗ ಸೋಲುತ್ತಿವೆ ಅನ್ನುವ ದೂರು ಬಂತು. 2010ರಲ್ಲಿ ಕಂಪನಿ ಕಾರಿನ ಸಾಫ್ಟ್‌ವೇರ್ ಬದಲಿಸಿತು. ಬ್ಯಾಟರಿ ಉಳಿಯಲಿ ಅಂತ ಅದರ ಕೆಲಸ ಕಡಿಮೆ ಮಾಡಿದ್ದು. ಬ್ಯಾಟರಿ ಕೆಲಸ ಕಡಿಮೆ ಮಾಡಿದರೆ ಎಂಜಿನ್ ಜಾಸ್ತಿ ಮಾಡಬೇಕಲ್ಲ, ಮೈಲೇಜು ಬಿತ್ತು ಅಂತ ಮಾಲೀಕರು ರೇಗಿದರು. ಒಬ್ಬ ಮಹಿಳೆ ಕ್ಯಾಲಿಫೋರ್ನಿಯಾದ ಟಾರೆನ್ಸಿನಲ್ಲಿ ಸಣ್ಣ ವ್ಯಾಜ್ಯಗಳ ಕೋರ್ಟಿಗೆ ಹೋಗಿ 2012ರ ಫೆಬ್ರವರಿಯಲ್ಲಿ ಗೆದ್ದರು. ಮೂರೇ ತಿಂಗಳಲ್ಲಿ ಮೇಲ್ಮನವಿಯಲ್ಲಿ ಆ ತೀರ್ಪು ಬಿದ್ದುಹೋಯಿತು.

ಅದೇ ಸಿವಿಕ್ ಹೈಬ್ರಿಡ್ 2008ರ ಜೂನ್‌ನಲ್ಲಿ ನಮ್ಮ ದೇಶಕ್ಕೂ ಬಂತು. ಹೊರಗಿನಿಂದ ಪೂರ್ತಿ ಕಾರಾಗಿಯೇ ಬಂದಿದ್ದರಿಂದ ಸುಂಕ ಸೇರಿ 21.5 ಲಕ್ಷ. ಯಾರೂ ಕೊಳ್ಳಲಿಲ್ಲ. ಕೆಲವೇ ತಿಂಗಳಲ್ಲಿ ಕಂಪನಿ ಬೆಲೆಯನ್ನು 8 ಲಕ್ಷದಷ್ಟು ಇಳಿಸಿ, ತಂದಿಟ್ಟ ಕಾರುಗಳನ್ನು ಮಾರಿತು. 2010ರ ಜನವರಿಯಲ್ಲಿ ಪ್ರಿಯಸ್ ಬಂತು, ಅದೂ ಹಡಗಿನಲ್ಲೇ, 26 ಲಕ್ಷಕ್ಕೂ ಮೇಲೆ. ಅದನ್ನೂ ಕೊಂಡವರು ಕಡಿಮೆ.

ಈ ಎರಡು ಕಾರುಗಳು ಇವತ್ತು ಯಾರಾದರೂ ಅಗ್ಗಕ್ಕೆ ಕೊಟ್ಟರೂ ನಮ್ಮ ಸಲಹೆ ಬೇಡ ಅಂತಲೇ. 2008ರ, 2010ರ ಕಾರಿನ ಆರ್‌ಸಿಗೆ 15 ವರ್ಷ ತುಂಬಿದೆ. 2022ರ ಏಪ್ರಿಲ್‌ನಿಂದ ಅಂಥ ಕಾರಿನ ಆರ್‌ಸಿ ನವೀಕರಣದ ಶುಲ್ಕವೇ ಜಾಸ್ತಿಯಾಗಿದೆ, ಎಫ್‌ಸಿಯ ಓಡಾಟ ಬೇರೆ. ಅದಾದರೂ ಹೋಗಲಿ ಅನ್ನಬಹುದು. ದೊಡ್ಡ ತೊಂದರೆ ಬಿಡಿಭಾಗದ್ದು. ಇದಕ್ಕೆ ಸ್ವಲ್ಪ ಹೊರದೇಶದ ಕಥೆ ಹೇಳಬೇಕು.

ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನ ಬೀದಿಗಳಲ್ಲಿ ಎತ್ತ ನೋಡಿದರೂ ಹಳೆ ಪ್ರಿಯಸ್. ಜಪಾನಿನಲ್ಲಿ ಓಡಿ ಹಳತಾದವು ಅಲ್ಲಿಗೆ ಬರುತ್ತವೆ. ಹೈಬ್ರಿಡ್ಡಿಗೆ ಅಲ್ಲಿನ ಸರ್ಕಾರ ತೆರಿಗೆ ಬಿಟ್ಟಿತ್ತು, ಜೊತೆಗೆ ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆ ಅನ್ನುವ ಹೆಸರು. ನಮ್ಮ ಪಕ್ಕದ ಶ್ರೀಲಂಕಾದಲ್ಲೂ ಹಾಗೇ, ಸುಂಕ ಕಡಿಮೆ ಇದ್ದ ವರ್ಷಗಳಲ್ಲಿ ಜಪಾನಿನ ಹಳೆ ಹೈಬ್ರಿಡ್‌ಗಳು ಹಡಗುಗಟ್ಟಲೆ ಬಂದವು. ಪಾಕಿಸ್ತಾನ 2013ರಲ್ಲಿ ಸುಂಕ ಇಳಿಸಿದ ಮೇಲೆ ಅಲ್ಲೂ ಅದೇ ಆಯಿತು. ಕಾರು ಸಾವಿರಗಟ್ಟಲೆ ಬಂದರೆ ಗುಜರಿಯೂ ಸಾವಿರಗಟ್ಟಲೆ ಆಗುತ್ತದೆ. ಗುಜರಿ ಇದ್ದಲ್ಲಿ ಬಿಡಿಭಾಗ, ಬಿಡಿಭಾಗ ಇದ್ದಲ್ಲಿ ಕಲಿತ ಮೆಕ್ಯಾನಿಕ್. ಕೊಲಂಬೋದಲ್ಲಿ ಹಳೆ ಹೈಬ್ರಿಡ್ ಬ್ಯಾಟರಿ ರಿಪೇರಿ ಒಂದು ಕಸುಬೇ ಆಗಿದೆ.

ನಮ್ಮಲ್ಲಿ ಆ ಬಾಗಿಲು ಮೊದಲಿಂದಲೂ ಮುಚ್ಚಿದೆ ಅನ್ನಬಹುದು. ಹೊರಗಿನ ಹಳೆ ಕಾರು ತರಬೇಕಾದರೆ ಅದು ಮೂರು ವರ್ಷಕ್ಕಿಂತ ಹಳತಾಗಿರಬಾರದು, ಮುಂಬೈ ಬಂದರಿನಿಂದಲೇ ಬರಬೇಕು, ಅದರ ಮೇಲೆ ಭಾರಿ ಸುಂಕ. ನಮ್ಮ ಕಾರು ಕಾರ್ಖಾನೆಗಳನ್ನು ಉಳಿಸಿಕೊಳ್ಳಲು ಮಾಡಿದ ನಿಯಮ, ತಪ್ಪು ಅನ್ನಲಾಗದು. ಆದರೆ ಅದರ ಫಲ ಹಳೆ ಪ್ರಿಯಸ್ ಕೊಂಡವರ ಮೇಲೆ ಬಿದ್ದಿದೆ. ಮಂಗೋಲಿಯಾದಲ್ಲಿ ಟ್ಯಾಕ್ಸಿ ಓಡಿಸುವವನಿಗೆ ಸಿಗುವ ಸಾಮಾನು ಇಲ್ಲಿ ಬೆಂಗಳೂರಿನಲ್ಲೂ ಸುಲಭಕ್ಕೆ ಸಿಗದು. ಯೂಟ್ಯೂಬಿನಲ್ಲಿ ಹೊರದೇಶದವರು ಹಳೆ ಹೈಬ್ರಿಡ್ಡನ್ನು ಹೊಗಳುವುದು ಕೇಳಿ ಇಲ್ಲಿ ದುಡ್ಡು ಹಾಕುವವರು ಈ ವ್ಯತ್ಯಾಸ ನೆನಪಿಡಬೇಕು. ಕಾರು ಅದೇ ಆದರೂ ಗುಜರಿ ಅಂಗಡಿ ಬೇರೆ.

ಇನ್ನು ನಮ್ಮ ರಾಜ್ಯದ ಪಾಲು. 2013ರ ಆಗಸ್ಟ್‌ನಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಿಸಲು ಶುರುಮಾಡಿದರು. ದೇಶದಲ್ಲೇ ಜೋಡಣೆಯಾದ ಮೊದಲ ಹೈಬ್ರಿಡ್ ಅದು, ಬೆಲೆ 29.75 ಲಕ್ಷ. 2.5 ಲೀಟರ್ ಪೆಟ್ರೋಲ್ ಎಂಜಿನ್, ಪ್ರಿಯಸ್ಸಿನ ಜಾತಿಯದೇ ಬ್ಯಾಟರಿ. ನಿಧಾನಕ್ಕೆ ಹೋಗುವಾಗ ಎಂಜಿನ್ ಪೂರ್ತಿ ನಿಂತು ಬರೀ ಮೋಟರಿನ ಮೇಲೆ ಓಡುತ್ತದೆ. ಇದಕ್ಕೆ ಸ್ಟ್ರಾಂಗ್ ಹೈಬ್ರಿಡ್ ಅನ್ನುತ್ತಾರೆ.

2015ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಫೇಮ್ ಅನ್ನುವ ಯೋಜನೆ ತಂದಿತು. ಕರೆಂಟಿನ ಗಾಡಿ, ಹೈಬ್ರಿಡ್ ಗಾಡಿ ಕೊಂಡರೆ ಸಬ್ಸಿಡಿ. ಕ್ಯಾಮ್ರಿಗೆ 70,000 ಸಿಕ್ಕಿತು. ಆದರೆ ನಿಯಮದಲ್ಲಿ ಮೈಲ್ಡ್ ಹೈಬ್ರಿಡ್‌ಗೂ ಜಾಗವಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಾರುತಿ ತನ್ನ ಡೀಸೆಲ್ ಸಿಯಾಜ್‌ಗೆ ಎಸ್‌ಎಚ್‌ವಿಎಸ್ ಅಂತ ಹೆಸರು ಸೇರಿಸಿತು, ಮುಂದಿನ ತಿಂಗಳು ಎರ್ಟಿಗಾಗೆ. ತಲಾ 13,000 ಸಬ್ಸಿಡಿ, ಜೊತೆಗೆ ಎಕ್ಸೈಸ್ ಸುಂಕದಲ್ಲಿ ರಿಯಾಯಿತಿ. 2016ರಲ್ಲಿ ಮಹೀಂದ್ರಾ ಸ್ಕಾರ್ಪಿಯೋದ ಮೇಲೂ ಹೈಬ್ರಿಡ್ ಅನ್ನುವ ಹೆಸರು ಬಂತು.

ಈ ಕಾರುಗಳಲ್ಲಿ ಇರುವುದೇನು? ಸೆಲ್ಫ್ ಮೋಟರೂ ಡೈನಮೋವೂ ಒಂದೇ ಆಗಿ ಬೆಲ್ಟಿನಿಂದ ಎಂಜಿನ್ನಿಗೆ ಸೇರಿರುತ್ತದೆ, ಜೊತೆಗೆ ಸ್ವಲ್ಪ ಗಟ್ಟಿಯಾದ ಸೀಸದ ಬ್ಯಾಟರಿ. ಸಿಗ್ನಲಿನಲ್ಲಿ ನಿಂತರೆ ಎಂಜಿನ್ ಆಫ್ ಆಗುತ್ತದೆ, ಹೊರಡುವಾಗ ಒಂದು ಸಣ್ಣ ಒತ್ತಾಸೆ. ಬರೀ ಕರೆಂಟಿನ ಮೇಲೆ ಈ ಕಾರು ಓಡುವುದಿಲ್ಲ. ಕಾರು ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಡೀಸೆಲ್ ಸಿಯಾಜ್ ಒಳ್ಳೆ ಮೈಲೇಜಿನ, ಯಾವ ತಾಲ್ಲೂಕಿನಲ್ಲಾದರೂ ರಿಪೇರಿಯಾಗುವ ಕಾರು. ಆದರೆ ಅದನ್ನು ಹೈಬ್ರಿಡ್ ಅಂತ ಹೇಳಿ ಯಾರಾದರೂ ಹತ್ತಿಪ್ಪತ್ತು ಸಾವಿರ ಜಾಸ್ತಿ ಕೇಳಿದರೆ ಕೊಡುವ ಅಗತ್ಯವಿಲ್ಲ. ಡೀಸೆಲ್ ಕಾರನ್ನು ನೋಡುವ ಹಾಗೇ ನೋಡಿ: ಟರ್ಬೋ, ಕ್ಲಚ್, ಇಂಜೆಕ್ಟರ್. ಹೆಚ್ಚಿಗೆ ಆ ಬೆಲ್ಟಿನ ಮೋಟರು, ಆ ಬ್ಯಾಟರಿ ಸರಿಯಿದೆಯಾ ಅಂತ ಕೇಳಿದರೆ ಸಾಕು.

ಸರ್ಕಾರಕ್ಕೂ ಇದು ಬೇಗ ಗೊತ್ತಾಯಿತು. 2017ರ ಏಪ್ರಿಲ್ 1ರಿಂದ ಮೈಲ್ಡ್ ಹೈಬ್ರಿಡ್‌ಗಳನ್ನು ಫೇಮ್ ಪಟ್ಟಿಯಿಂದ ತೆಗೆದರು. ಮೂರೇ ತಿಂಗಳಲ್ಲಿ, ಜುಲೈ 1ಕ್ಕೆ ಜಿಎಸ್‌ಟಿ ಬಂತು. ಆಗ ಆಗಿದ್ದು ವಿಚಿತ್ರ. ಸುಳ್ಳು ಹೈಬ್ರಿಡ್ಡಿಗೆ ಕೊಟ್ಟಿದ್ದನ್ನು ಕಿತ್ತುಕೊಂಡರು ಸರಿ, ನಿಜವಾದ ಹೈಬ್ರಿಡ್ಡಿಗೂ ಶೇ 28 ತೆರಿಗೆ, ಶೇ 15 ಸೆಸ್, ಒಟ್ಟು ಶೇ 43. ಪೆಟ್ರೋಲ್ ಉಳಿಸುವ ಕ್ಯಾಮ್ರಿಯೂ ದೊಡ್ಡ ಪೆಟ್ರೋಲ್ ಕಾರುಗಳ ಸಾಲಿಗೆ ಬಂತು, ಬೆಲೆ ಲಕ್ಷಗಳಲ್ಲಿ ಏರಿತು. ಕರೆಂಟಿನ ಕಾರಿಗೆ ಆಗ ಶೇ 12, 2019ರಿಂದ ಶೇ 5. ಕಂಪನಿಗಳು ಹೈಬ್ರಿಡ್ ತರುವುದನ್ನೇ ಕೆಲವು ವರ್ಷ ಮುಂದೂಡಿದವು.

ಹೀಗಾಗಿ ಈಗ ಮಾರುಕಟ್ಟೆಯಲ್ಲಿರುವ ಹತ್ತು ವರ್ಷದಾಚೆಯ ನಿಜವಾದ ಹೈಬ್ರಿಡ್ ಅಂದರೆ ಹೆಚ್ಚುಕಮ್ಮಿ ಕ್ಯಾಮ್ರಿ ಒಂದೇ. ಅದರಲ್ಲೂ ತುಂಬ ಕಾರುಗಳು ದೆಹಲಿ ಕಡೆಯವು. ಹೊರ ರಾಜ್ಯದ ಕಾರಾದರೆ ಎನ್‌ಒಸಿ ತರಬೇಕು, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು. ಕಾರಿನ ಮೂಲ ಬೆಲೆ ದೊಡ್ಡದಾದ್ದರಿಂದ ಆ ಟ್ಯಾಕ್ಸೂ ಸಣ್ಣದಲ್ಲ. ಅಡ್ವಾನ್ಸ್ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಲೆಕ್ಕ ಹಾಕಿಸಿ. ಬ್ರೋಕರ್ ಹೇಳುವ ಲೆಕ್ಕ ಬೇಡ.

ಬ್ಯಾಟರಿಯ ವಿಷಯದಲ್ಲಿ ಮೋಸ ಹೋಗುವುದು ಸುಲಭ. ಕ್ಯಾಮ್ರಿಯ ಬ್ಯಾಟರಿಯಲ್ಲಿ 34 ಮಾಡ್ಯೂಲುಗಳು ಒಂದಕ್ಕೊಂದು ಸರಣಿಯಾಗಿ ಸೇರಿವೆ. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಗಾಡಿ ನಿಲ್ಲುವ ಹಾಗೆ, ಒಂದು ಸೋತರೆ ಇಡೀ ಬ್ಯಾಟರಿ ಸೋಲುತ್ತದೆ. ಸೋತದ್ದೊಂದನ್ನೇ ಬದಲಿಸಿ, ಡ್ಯಾಶ್‌ಬೋರ್ಡಿನ ದೀಪ ಆರಿಸಿ ಮಾರುವವರಿದ್ದಾರೆ. ಉಳಿದವೂ ಅದೇ ವಯಸ್ಸಿನವಲ್ಲವೇ, ಸ್ವಲ್ಪ ದಿನಕ್ಕೆ ಇನ್ನೊಂದು ಹೋಗುತ್ತದೆ. ಅದಕ್ಕೇ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿಸಿ, ಒಂದೊಂದು ಬ್ಲಾಕಿನ ವೋಲ್ಟೇಜ್ ನೋಡಿಸಬೇಕು. ಓಡಿಸುವಾಗಲೂ ಅವು ಹೆಚ್ಚುಕಡಿಮೆ ಒಂದೇ ಇದ್ದರೆ ಪರವಾಗಿಲ್ಲ. ಹೊಸ ಬ್ಯಾಟರಿಗೆ ಎಷ್ಟು, ಎಷ್ಟು ದಿನಕ್ಕೆ ಬರುತ್ತದೆ ಅಂತ ಅಲ್ಲೇ ಬರೆಸಿಕೊಳ್ಳಿ. ಆ ಮೊತ್ತವನ್ನು ಕಾರಿನ ಬೆಲೆಗೆ ಸೇರಿಸಿ ನೋಡಿ, ಆಗಲೂ ಕಾರು ಅಗ್ಗ ಅನ್ನಿಸಿದರೆ ಮಾತ್ರ ಮುಂದಿನ ಮಾತು. ಮಾರುವವರು ಸ್ಕ್ಯಾನಿಗೆ ಒಪ್ಪದಿದ್ದರೆ ಎದ್ದು ಬನ್ನಿ.

ಈ ಬ್ಯಾಟರಿಗೆ ಬಿಸಿಯೇ ಶತ್ರು. ತಣ್ಣಗಿಡಲು ಒಂದು ಫ್ಯಾನ್ ಇರುತ್ತದೆ, ಅದು ಕಾರಿನ ಒಳಗಿನಿಂದಲೇ ಗಾಳಿ ಎಳೆಯುತ್ತದೆ. ನಮ್ಮ ಮಣ್ಣುರಸ್ತೆಯ ಧೂಳು ಅಲ್ಲಿ ಕಟ್ಟಿಕೊಂಡರೆ, ಹಿಂದಿನ ಸೀಟಿನ ಮೇಲೆ ಚೀಲ ಒಟ್ಟಿ ಗಾಳಿಯ ಕಿಂಡಿ ಮುಚ್ಚಿದರೆ ಬ್ಯಾಟರಿ ಒಳಗೇ ಬೇಯುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸುವುದೂ ಅದಕ್ಕಾಗದು. "ಸಾಹೇಬರ ಕಾರು, ಓಡಿಸೇ ಇಲ್ಲ" ಅನ್ನುವುದು ಬೇರೆ ಕಾರಿಗೆ ಗುಣ, ಇದಕ್ಕೆ ಅನುಮಾನ. ಇನ್ನೊಂದು ಮಾತು, ಕಿತ್ತಳೆ ಬಣ್ಣದ ವೈರುಗಳಲ್ಲಿ ಹರಿಯುವುದು ನೂರಾರು ವೋಲ್ಟ್. ಊರಿನ ಎಲೆಕ್ಟ್ರಿಷಿಯನ್ ಎಷ್ಟೇ ಜಾಣನಿದ್ದರೂ ಅದಕ್ಕೆ ಕೈ ಹಾಕಲು ಬಿಡಬೇಡಿ, ಜೀವ ಹೋಗುತ್ತದೆ.

ಹಾಗಾದರೆ ಕ್ಯಾಮ್ರಿ ಯಾರಿಗೆ? ಬೆಂಗಳೂರೋ ಹುಬ್ಬಳ್ಳಿಯೋ ಹತ್ತಿರವಿದ್ದು, ದಿನಾ ಪೇಟೆಯೊಳಗೆ ಓಡಿಸುವವರಿಗೆ, ಬ್ಯಾಟರಿಯ ದುಡ್ಡು ಬದಿಗೆ ತೆಗೆದಿಡಬಲ್ಲವರಿಗೆ ಆಗಬಹುದು. ಮನೆಗೆ ಒಂದೇ ಕಾರು, ರಾತ್ರಿ ಆಸ್ಪತ್ರೆಗೂ ಅದೇ ಆಗಬೇಕು ಅನ್ನುವ ಹಳ್ಳಿಯ ಮನೆಗೆ ಅದು ಬೇಡ.

ಅಂಥವರು ಹೈಬ್ರಿಡ್ಡೇ ಬೇಕೆಂದರೆ ಸ್ವಲ್ಪ ಕಾಯುವುದು ಮೇಲು. 2022ರಲ್ಲಿ ಹೋಂಡಾ ಸಿಟಿಯ ಹೈಬ್ರಿಡ್ ಬಂತು. ಅದೇ ವರ್ಷ ಬಿಡದಿಯಿಂದ ಟೊಯೋಟಾ ಹೈರೈಡರ್, ಅದರ ಜೋಡಿ ಮಾರುತಿ ಗ್ರ್ಯಾಂಡ್ ವಿಟಾರಾ ಹೊರಬಂದವು, ಹಿಂದೆಯೇ ಇನ್ನೋವಾ ಹೈಕ್ರಾಸ್. ಕ್ಯಾಮ್ರಿಯಂತಲ್ಲ, ಇವು ದೊಡ್ಡ ಸಂಖ್ಯೆಯಲ್ಲಿ ಮಾರಾಟವಾಗಿವೆ, ಹಾಗಾಗಿ ಸಾಮಾನೂ ಮೆಕ್ಯಾನಿಕ್ಕೂ ಹೆಚ್ಚುತ್ತಾರೆ. ಆದರೆ ಅಲ್ಲೂ ಹೆಸರು ನೋಡಿ ಮೋಸ ಹೋಗಬೇಡಿ. ಹೈರೈಡರ್, ಗ್ರ್ಯಾಂಡ್ ವಿಟಾರಾ ಎರಡರಲ್ಲೂ ಸ್ಟ್ರಾಂಗ್ ಇದೆ, ಮೈಲ್ಡೂ ಇದೆ. ಸ್ಟ್ರಾಂಗ್ ಹೈಬ್ರಿಡ್ ಹೈರೈಡರ್‌ನ ಬ್ಯಾಟರಿಗೆ ಕಂಪನಿ ಕೊಟ್ಟಿರುವ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. 2022ರ ಕಾರಿಗೆ ಅದು 2030ರವರೆಗೆ. ಕೊಳ್ಳುವಾಗ ಮೀಟರ್ ನೋಡಿ, ಸರ್ವಿಸ್ ಪುಸ್ತಕ ನೋಡಿ, ಉಳಿದ ವಾರಂಟಿ ನಿಮ್ಮ ಹೆಸರಿಗೆ ಬರುತ್ತದಾ ಅಂತ ಶೋರೂಮಿನಲ್ಲಿ ಕೇಳಿ ಬರೆಸಿಕೊಳ್ಳಿ.