ಬ್ಯಾಡ್ಜಿನ ಕಥೆ: ಮೀರತ್‌ನಿಂದ ವಿಡಿಯೋ ಗೇಮ್‌ವರೆಗೆ

ಹವ್ಯಾಸ ಏನು ಅಂತ ಯಾರಾದರೂ ಕೇಳಿದರೆ ನಾನು ಎರಡು ಹೇಳುತ್ತೇನೆ. ಒಂದು ವಿಡಿಯೋ ಗೇಮ್. ಇನ್ನೊಂದು, ಭಾನುವಾರ ಬೆಳಿಗ್ಗೆ ನಮ್ಮೂರಿನ ಶಾಲೆಯ ಸ್ಕೌಟ್ ಹುಡುಗರಿಗೆ ಗಂಟು ಹಾಕುವುದು, ಬಾವುಟ ಕಟ್ಟುವುದು ಹೇಳಿಕೊಡುವುದು. ಮೊದಲನೆಯದಕ್ಕೆ "ಅಯ್ಯೋ" ಅಂದವರೇ ಎರಡನೆಯದಕ್ಕೆ "ಭೇಷ್" ಅನ್ನುತ್ತಾರೆ. ಒಂದು ಸೋಮಾರಿತನ, ಒಂದು ಶಿಸ್ತು. ಲೆಕ್ಕ ಅಲ್ಲಿಗೆ ಮುಗೀತು.

ನಾನೀಗ ಇಂಜಿನಿಯರಿಂಗ್ ಕೊನೆಯ ವರ್ಷ. ಕ್ಯಾಂಪಸ್ ಇಂಟರ್‌ವ್ಯೂಗೆ ತಯಾರಿ ಮಾಡಿಸಲು ಬಂದಿದ್ದವರೊಬ್ಬರು ನನ್ನ ರೆಸ್ಯೂಮೆ ನೋಡಿ, "ಗೇಮ್ಸ್ ತೆಗೆದುಹಾಕು, ಸ್ಕೌಟ್ಸ್ ಇರಲಿ. ಎಷ್ಟು ಸರ್ಟಿಫಿಕೇಟ್ ಇದೆ?" ಅಂದರು. ಹೈಸ್ಕೂಲಿನಲ್ಲಿ ಪಡೆದ ರಾಜ್ಯ ಪುರಸ್ಕಾರದ್ದು ಒಂದಿದೆ. ಅದಾದ ಮೇಲೆ ಐದು ವರ್ಷ ಮಾಡಿದ ಭಾನುವಾರದ ಕೆಲಸಕ್ಕೆ ಕಾಗದ ಏನೂ ಇಲ್ಲ. ಅಪ್ಪನದೂ ಅದೇ ಪ್ರಶ್ನೆ: "ಸಿಗೋದೆಲ್ಲ ಸಿಕ್ಕಾಯ್ತಲ್ಲ, ಇನ್ನೂ ಯಾಕೆ ಹೋಗ್ತೀಯ? ಈ ವರ್ಷ ಬಿಟ್ಟುಬಿಡು." ಕೇಳಿದ್ದು ತಪ್ಪೇನಲ್ಲ. ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ಸ್ ಅಂಡ್ ಗೈಡ್ಸ್ ಕೋಟಾ ಇರುವ ದೇಶ ನಮ್ಮದು. ಬ್ಯಾಡ್ಜಿಗೆ, ಸರ್ಟಿಫಿಕೇಟಿಗೆ ಇಲ್ಲಿ ನಿಜವಾಗಿಯೂ ಬೆಲೆ ಇದೆ.

ಈ ಪ್ರಶ್ನೆ ತಲೆಯಲ್ಲಿ ಕೊರೀತಾ ಇದ್ದಾಗ ನನಗೆ ಹೊಳೆದ ವಿಷಯ ಏನಪ್ಪಾ ಅಂದ್ರೆ, ನನ್ನ ಎರಡು ಹವ್ಯಾಸಗಳು ಅಂದುಕೊಂಡಷ್ಟು ದೂರದ ನೆಂಟರಲ್ಲ. ಎರಡರ ನಡುವೆ ಒಂದು ಬ್ಯಾಡ್ಜ್ ಓಡಾಡಿದೆ. ಅದರ ಕಥೆ ಶುರುವಾಗುವುದು ನಮ್ಮ ದೇಶದಲ್ಲೇ.

1897ರಲ್ಲಿ ಬೇಡನ್ ಪೊವೆಲ್ ಎಂಬ ಬ್ರಿಟಿಷ್ ಸೇನಾಧಿಕಾರಿ ಮೀರತ್‌ನಲ್ಲಿದ್ದ 5ನೇ ಡ್ರ್ಯಾಗೂನ್ ಗಾರ್ಡ್ಸ್ ಎಂಬ ಕುದುರೆ ಪಡೆಯ ಮುಖ್ಯಸ್ಥನಾದ. ಶತ್ರುವಿನ ಸುಳಿವು ಹುಡುಕುವುದು, ಹೆಜ್ಜೆ ಗುರುತು ಓದುವುದು, ಗುರುತಿಲ್ಲದ ಜಾಗದಲ್ಲಿ ದಾರಿ ಕಂಡುಕೊಳ್ಳುವುದು, ಇವನ್ನು ಸೈನಿಕರಿಗೆ ಕಲಿಸತೊಡಗಿದ. ಕಲಿತು ಪರೀಕ್ಷೆಯಲ್ಲಿ ಪಾಸಾದವರ ತೋಳಿಗೆ ಒಂದು ಬ್ಯಾಡ್ಜ್ ಕೊಟ್ಟ. ಮೂರು ಎಸಳಿನ ಲಿಲ್ಲಿ ಹೂವಿನ ಆಕಾರದ್ದು, ಹಳೆಯ ನಕ್ಷೆಗಳಲ್ಲಿ ಉತ್ತರ ದಿಕ್ಕು ತೋರಿಸಲು ಬರೆಯುತ್ತಿದ್ದಂಥದ್ದು. ಇವತ್ತು ಜಗತ್ತಿನ ಎಷ್ಟೋ ದೇಶಗಳ ಸ್ಕೌಟ್ ಲಾಂಛನದಲ್ಲಿರುವುದು ಅದೇ ಹೂವು. ಅಂದರೆ ಸ್ಕೌಟ್ ಚಳವಳಿ ಹುಟ್ಟುವ ಹತ್ತು ವರ್ಷ ಮೊದಲೇ ಅದರ ಬ್ಯಾಡ್ಜ್ ಮೀರತ್‌ನ ದಂಡಿನಲ್ಲಿ ಹುಟ್ಟಿಯಾಗಿತ್ತು!

ಮುಂದೆ ಆತ ದಕ್ಷಿಣ ಆಫ್ರಿಕಾದ ಮೆಫೆಕಿಂಗ್‌ನಲ್ಲಿ 1899-1900ರ 217 ದಿನಗಳ ಮುತ್ತಿಗೆಯನ್ನು ತಡೆದು ಇಂಗ್ಲೆಂಡಿಗೆ ಹೀರೋ ಆಗಿ ಮರಳಿದ. ಸೈನಿಕರಿಗೆ ಬರೆದ ಪುಸ್ತಕವನ್ನು ಹುಡುಗರು ಓದುತ್ತಿದ್ದಾರೆ ಅಂತ ತಿಳಿದು, 1907ರ ಆಗಸ್ಟ್‌ನಲ್ಲಿ ಬ್ರೌನ್‌ಸೀ ದ್ವೀಪಕ್ಕೆ ಇಪ್ಪತ್ತು ಹುಡುಗರನ್ನು ಕರೆದುಕೊಂಡು ಹೋಗಿ ಶಿಬಿರ ಮಾಡಿದ. ಅಲ್ಲೂ ಅದೇ ಹಿತ್ತಾಳೆಯ ಹೂವು. 1908ರಲ್ಲಿ 'ಸ್ಕೌಟಿಂಗ್ ಫಾರ್ ಬಾಯ್ಸ್' ಬಂತು. ಹಿಂದೆಯೇ ಮೆಟ್ಟಿಲು ಮೆಟ್ಟಿಲಾಗಿ ದರ್ಜೆಗಳು, ಒಂದೊಂದು ವಿದ್ಯೆಗೆ ಒಂದೊಂದು ಬ್ಯಾಡ್ಜ್ ಬಂದವು. ನಮ್ಮಲ್ಲೂ ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಗೇಮ್ ಆಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲೆವೆಲ್ ಒಂದು, ಲೆವೆಲ್ ಎರಡು :)

1909ರಲ್ಲಿ ಭಾರತದ ಮೊದಲ ಸ್ಕೌಟ್ ದಳ ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿ, ಕ್ಯಾಪ್ಟನ್ ಟಿ. ಎಚ್. ಬೇಕರ್ ಅವರಿಂದ. ಹೆಮ್ಮೆ ಪಡುವ ಮೊದಲು ಇನ್ನೊಂದು ಮಾತು. ಆ ಕಾಲದ ದಳಗಳು ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಹುಡುಗರಿಗೆ ಮಾತ್ರ. ನಮ್ಮ ಹುಡುಗರಿಗೆ ಜಾಗ ಇರಲಿಲ್ಲ. ಕೂಡಿ ಕೆಲಸ ಮಾಡುವುದು, ಗುಂಪು ನಡೆಸುವುದು ಇವರಿಗೆ ಕಲಿಸಿದರೆ ನಾಳೆ ನಮಗೇ ತಿರುಗಿ ನಿಲ್ಲುತ್ತಾರೆ ಅನ್ನುವ ಭಯ ಸರ್ಕಾರಕ್ಕೆ.

ಹಾಗಂತ ನಮ್ಮವರು ಸುಮ್ಮನೆ ಕೂರಲಿಲ್ಲ. 1913ರ ಹೊತ್ತಿಗೆ ಮಧ್ಯ ಪ್ರಾಂತ್ಯದಲ್ಲಿ ವಿವಿಯನ್ ಬೋಸ್ (ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದವರು), ಶಾಹಜಹಾನ್‌ಪುರದಲ್ಲಿ ಶ್ರೀರಾಮ ಬಾಜಪೇಯಿ ತಮ್ಮದೇ ದಳ ಕಟ್ಟಿದರು. 1916ರಲ್ಲಿ ಮದರಾಸಿನಲ್ಲಿ ಅನಿಬೆಸೆಂಟ್ ಮತ್ತು ಅರುಂಡೇಲ್ ಭಾರತೀಯ ಹುಡುಗರಿಗಾಗಿಯೇ ಸಂಘ ಸ್ಥಾಪಿಸಿದರು. 1918ರಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಬಾಜಪೇಯಿ ಸೇರಿ ಸೇವಾ ಸಮಿತಿ ಸ್ಕೌಟ್ ಸಂಘ ಮಾಡಿದರು. ಹೆಸರಿನಲ್ಲೇ ಸೇವೆ ಇದೆ ನೋಡಿ. ಈ ಸೇವಾ ಸಮಿತಿಯವರು ಪ್ರಯಾಗದ ಮೇಳಗಳಲ್ಲಿ ಯಾತ್ರಿಕರಿಗಾಗಿ ದುಡಿದವರು. 1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದಾಗ ಬೆಸೆಂಟರ ಸಂಘ ಮೂಲ ಸಂಸ್ಥೆಯ ಜೊತೆ ಸೇರಿತು, ಸೇವಾ ಸಮಿತಿ ಹೊರಗೇ ಉಳಿಯಿತು. ಎಲ್ಲವೂ ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆದದ್ದು ಸ್ವಾತಂತ್ರ್ಯದ ನಂತರ, 1950ರ ನವೆಂಬರ್ 7ರಂದು. ಗೈಡ್ಸ್ ಬಂದು ಸೇರಿದ್ದು ಮರುವರ್ಷ.

ಇಲ್ಲಿ ನನಗೆ ಮುಖ್ಯ ಅನಿಸಿದ್ದು ಇಷ್ಟೇ. ಲಂಡನ್ನಿನ ಮಾನ್ಯತೆ ಸಿಗದ ಕಾಲದಲ್ಲೂ ಈ ನೆಲದ ಹುಡುಗರು ಸ್ಕೌಟ್ ಕೆಲಸ ಮಾಡಿದರು. ಮುದ್ರೆ ಬಿದ್ದದ್ದು ಆಮೇಲೆ, ಕೆಲಸ ನಡೆದದ್ದು ಮೊದಲು.

ಈಗ ಸಮುದ್ರ ದಾಟಿ ಅಮೆರಿಕಕ್ಕೆ ಹೋಗೋಣ, ನನ್ನ ಇನ್ನೊಂದು ಹವ್ಯಾಸದ ಊರಿಗೆ. 1979ರಲ್ಲಿ ಅಟಾರಿ ಕಂಪನಿಯ ನಾಲ್ವರು ಪ್ರೋಗ್ರಾಮರ್‌ಗಳು ಹೊರಬಂದು ಆಕ್ಟಿವಿಷನ್‌ನ ಸ್ಥಾಪನೆಗೆ ಕೈಜೋಡಿಸಿದರು. ತಾವು ಬರೆದ ಗೇಮ್‌ಗಳ ಮೇಲೆ ತಮ್ಮ ಹೆಸರಿಲ್ಲ, ಲಾಭದಲ್ಲಿ ಪಾಲೂ ಇಲ್ಲ ಅನ್ನುವುದು ಅವರ ಸಿಟ್ಟು. ಅವರಲ್ಲೊಬ್ಬರಾದ ಡೇವಿಡ್ ಕ್ರೇನ್ 1982ರಲ್ಲಿ 'ಪಿಟ್‌ಫಾಲ್' ಮಾಡಿದರು. ಹ್ಯಾರಿ ಎಂಬ ಸಾಹಸಿ ಕಾಡಿನಲ್ಲಿ ಓಡುತ್ತಾನೆ, ಬಳ್ಳಿ ಹಿಡಿದು ತೂಗುತ್ತಾನೆ, ಮೊಸಳೆ ತಲೆಯ ಮೇಲೆ ಕಾಲಿಟ್ಟು ಹೊಂಡ ದಾಟುತ್ತಾನೆ. 255 ಪರದೆಗಳ ಕಾಡು, 32 ನಿಧಿಗಳು, 20 ನಿಮಿಷ ಸಮಯ. ಇಡೀ ಕಾಡನ್ನು 4 ಕಿಲೋಬೈಟ್‌ನಲ್ಲಿ ತುಂಬಿದ್ದರು. ನಮ್ಮ ಮೊಬೈಲಿಗೆ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರಕ್ಕೆ ಇದರ ಹತ್ತಾರು ಪಟ್ಟು ಜಾಗ ಬೇಕು!

ಅದರ ಜೊತೆಗೊಂದು ಸವಾಲೂ ಇತ್ತು. 20,000 ಅಂಕ ಗಳಿಸಿ, ಟೀವಿ ಪರದೆಯ ಫೋಟೋ ತೆಗೆದು ಅಂಚೆಯಲ್ಲಿ ಕಳಿಸಿ. ಕಂಪನಿಯವರು ನಿಮ್ಮನ್ನು 'ಎಕ್ಸ್‌ಪ್ಲೋರರ್ಸ್ ಕ್ಲಬ್'ಗೆ ಸೇರಿಸಿಕೊಂಡು, ಬಟ್ಟೆಗೆ ಹೊಲಿದುಕೊಳ್ಳುವ ಕಸೂತಿಯ ಬ್ಯಾಡ್ಜ್ ಕಳಿಸುತ್ತಾರೆ. ಆ ಕಾಲದ ಆಕ್ಟಿವಿಷನ್‌ನ ಎಷ್ಟೋ ಗೇಮ್‌ಗಳಿಗೆ ಹೀಗೊಂದೊಂದು ಬ್ಯಾಡ್ಜ್ ಇತ್ತು. ಅವುಗಳ ಫೋಟೋ ನೋಡಿದಾಗ ನನಗೆ ನಗು ಬಂತು. ಪಕ್ಕಾ ಸ್ಕೌಟ್ ಅಂಗಿಯ ತೋಳಿನಿಂದ ಬಿಚ್ಚಿ ತಂದ ಹಾಗಿವೆ.

2005ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ 360 ಬಂದಾಗ ಬಟ್ಟೆ ಹೋಗಿ ಬೆಳಕು ಉಳಿಯಿತು. ಏನೋ ಒಂದು ಸಾಧಿಸಿದ ತಕ್ಷಣ ಟಿಂಗ್ ಅಂತ ಪರದೆಯ ಮೇಲೆ 'ಅಚೀವ್‌ಮೆಂಟ್', ಅದಕ್ಕಿಷ್ಟು ಅಂಕ. 2007ರಲ್ಲಿ ಸ್ಟೀಮ್, 2008ರಲ್ಲಿ ಪ್ಲೇಸ್ಟೇಷನ್ ಇದನ್ನೇ ತಂದವು. ಇನ್ನೂ ತಮಾಷೆ ಮುಂದಿದೆ. 2010ರಲ್ಲಿ ಅಮೆರಿಕದ ಸ್ಕೌಟ್ ಸಂಸ್ಥೆ ತನ್ನ ಪುಟಾಣಿ ಕಬ್‌ಗಳಿಗೆ ವಿಡಿಯೋ ಗೇಮ್‌ಗೂ ಒಂದು ಬಿಲ್ಲೆ ಮಾಡಿತು. ಅದಕ್ಕೆ ಬರೀ ಆಡಿದರೆ ಸಾಲುತ್ತಿರಲಿಲ್ಲ. ಮನೆಗೆಲಸ, ಹೋಮ್‌ವರ್ಕ್, ಆಟ ಮೂರೂ ಸೇರಿದ ವೇಳಾಪಟ್ಟಿ ಮಾಡಿ ಅದರಂತೆ ನಡೆಯಬೇಕಿತ್ತು. 2013ರಲ್ಲಿ ದೊಡ್ಡ ಹುಡುಗರಿಗೆ ಗೇಮ್ ಡಿಸೈನ್ ಬ್ಯಾಡ್ಜ್ ಬಂತು. ಮೀರತ್‌ನಿಂದ ಹೊರಟ ಬ್ಯಾಡ್ಜ್ ಗೇಮ್‌ನೊಳಗೆಲ್ಲ ಸುತ್ತಾಡಿ ಮತ್ತೆ ಸ್ಕೌಟ್ ಅಂಗಿಗೇ ಬಂದು ಕೂತಿತು.

ಬ್ಯಾಡ್ಜಿನ ಜೊತೆ ಅದರ ರೋಗವೂ ಪ್ರಯಾಣ ಮಾಡಿದೆ. ಗೇಮ್ ಲೋಕದಲ್ಲಿ ಆಟದ ಖುಷಿಗಲ್ಲದೆ ಟಿಂಗ್ ಶಬ್ದಕ್ಕಾಗಿಯೇ ಆಡುವವರಿದ್ದಾರೆ. ಅವರಿಗೆ 'ಅಚೀವ್‌ಮೆಂಟ್ ಹಂಟರ್' ಅಂತ ಹೆಸರು. ನಾನೂ ಕೆಲವು ರಾತ್ರಿ ಆ ಜಾತಿಗೆ ಸೇರಿದವನೇ. ಆದರೆ ಬೇಡನ್ ಪೊವೆಲ್ ಸುಮಾರು ನೂರು ವರ್ಷದ ಹಿಂದೆಯೇ ಸ್ಕೌಟ್ ಮಾಸ್ಟರುಗಳಿಗೆ ಬರೆದ ಕೈಪಿಡಿಯಲ್ಲಿ ಬ್ಯಾಡ್ಜಿನ ಬೇಟೆಗೆ ಇಳಿಯುವ ಹುಡುಗರ ಬಗ್ಗೆ ಎಚ್ಚರಿಸಿದ್ದ. ಪದವೂ ಅದೇ, ಬೇಟೆ!

ಬ್ಯಾಡ್ಜ್ ಎಲ್ಲೆಲ್ಲೋ ಹೋಯಿತು, ಆದರೆ ಸ್ಕೌಟಿಂಗ್‌ನ ಇನ್ನೊಂದು ವಸ್ತು ಅದರ ಜೊತೆ ಹೋಗಲಿಲ್ಲ. ಅದು ಗಂಟು. ಬೆಳಿಗ್ಗೆ ಎದ್ದು ಕರವಸ್ತ್ರಕ್ಕೋ ಕೊರಳ ಪಟ್ಟಿಗೋ ಒಂದು ಗಂಟು ಹಾಕಿಕೋ, ಇವತ್ತು ಯಾರಿಗಾದರೂ ಒಂದು ಉಪಕಾರ ಮಾಡಬೇಕು ಅನ್ನುವುದು ಅದನ್ನು ನೋಡಿದಾಗ ನೆನಪಾಗಲಿ ಅಂತ ಆತ ಹುಡುಗರಿಗೆ ಹೇಳಿದ್ದ. ನಮ್ಮ ಅಜ್ಜಿಯರು ಮರೆಯಬಾರದ್ದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರಲ್ಲ, ಥೇಟ್ ಹಾಗೆ. ಬ್ಯಾಡ್ಜ್ ಕೆಲಸ ಆದ ಮೇಲೆ ಬರುತ್ತೆ, ಉಳಿಯುತ್ತೆ, ನಾಲ್ಕು ಜನಕ್ಕೆ ಕಾಣುತ್ತೆ. ಗಂಟು ಕೆಲಸಕ್ಕಿಂತ ಮೊದಲು ಬರುತ್ತೆ. ಕೆಲಸ ಆದ ಮೇಲೆ ಅದನ್ನು ಇಟ್ಟುಕೊಳ್ಳುವ ಅಗತ್ಯವೇ ಇಲ್ಲ. ಬಿಚ್ಚಿದರೆ ಗುರುತೂ ಇಲ್ಲ.

ಕಳೆದ ವರ್ಷದ ಜಾತ್ರೆಯಲ್ಲಿ ನಮ್ಮ ಹುಡುಗರು ನೀರು ಕೊಡುವ ಕೆಲಸಕ್ಕೆ ನಿಂತಿದ್ದರು. ಮೊಬೈಲ್ ಗೇಮ್‌ನಲ್ಲಿ ನನ್ನನ್ನೇ ಸೋಲಿಸುವ ಐದನೇ ಕ್ಲಾಸಿನ ಪೋರನೊಬ್ಬ, "ಅಣ್ಣಾ, ಇದಕ್ಕೆ ಎಷ್ಟು ಪಾಯಿಂಟು?" ಅಂತ ಕೇಳಿದ. "ಸೊನ್ನೆ ಕಣೋ" ಅಂದೆ. "ಹಂಗಾದ್ರೆ ಎಷ್ಟಾದ್ರೂ ಕೊಡಬೋದು" ಅಂದವನೇ ಮುಂದಿನ ಲೋಟ ತುಂಬಿದ. ಅವನ ಲೆಕ್ಕ ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ, ಆದರೆ ಸರಿ ಅನಿಸಿದೆ.

ಬ್ಯಾಡ್ಜ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಆರನೇ ಕ್ಲಾಸಿನಲ್ಲಿ ನಾನು ಸ್ಕೌಟ್‌ಗೆ ಸೇರುತ್ತಲೇ ಇರಲಿಲ್ಲವೇನೋ. ಒಳಗೆ ಕರೆತರಲು ಅದು ಬೇಕು. ಆದರೆ ಮೆಟ್ಟಿಲುಗಳೆಲ್ಲ ಮುಗಿದ ಮೇಲೆ ಬರುವುದು ರೋವರ್ ಹಂತ, ಇಪ್ಪತ್ತೈದು ವರ್ಷದವರೆಗಿನ ನನ್ನಂಥ ಕಾಲೇಜು ಹುಡುಗರದ್ದು. ಅದರ ಧ್ಯೇಯವಾಕ್ಯ ಒಂದೇ ಪದ: ಸೇವೆ. ಎಣಿಸುವುದನ್ನು ನಿಲ್ಲಿಸುವ ವಯಸ್ಸಿಗೆ ಅದನ್ನು ಇಟ್ಟಿದ್ದು ನನಗೆ ಬಹಳ ಸರಿ ಅನಿಸುತ್ತದೆ.

ಅಪ್ಪನಿಗೆ ಇಷ್ಟೆಲ್ಲ ಇತಿಹಾಸ ಹೇಳಲು ಹೋಗಲಿಲ್ಲ. ಪರೀಕ್ಷೆ ಇರುವ ವಾರ ಬಿಟ್ಟು ಉಳಿದ ಭಾನುವಾರ ಹೋಗಿಬರ್ತೀನಿ ಅಂದೆ, "ಗೇಮ್ ಕಡಿಮೆ ಮಾಡ್ಕೊ" ಅಂದರು. ಒಪ್ಪಂದ ಆಯ್ತು. ರೆಸ್ಯೂಮೆಯಲ್ಲಿ ಎರಡು ಹವ್ಯಾಸಗಳೂ ಹಾಗೇ ಇವೆ. ಇಂಟರ್‌ವ್ಯೂನಲ್ಲಿ ಯಾರಾದರೂ "ಎರಡಕ್ಕೂ ಏನು ಸಂಬಂಧ?" ಅಂತ ಕೇಳಲಿ ಅಂತ ಕಾಯ್ತಾ ಇದ್ದೀನಿ.