ಪಾಂಡುಪತ್ರದ ನಿದಾನ ಮತ್ತು ಚಿಕಿತ್ಸೆ : ವೃಕ್ಷಾಯುರ್ವೇದ ಗ್ರಂಥಗಳ ಒಂದು ಪರಿಶೀಲನೆ

ಮನೆಯ ಹಿತ್ತಲಿನಲ್ಲಿ ನೆಟ್ಟು ಬೆಳೆಸಿದ ಗಿಡದ ಎಲೆಗಳು ಅಕಾಲದಲ್ಲಿ ಹಳದಿಗೆ ತಿರುಗುವುದನ್ನು ಪ್ರಾಚೀನ ಭಾರತೀಯರು ರೋಗವೆಂದೇ ಪರಿಗಣಿಸಿದ್ದರು. ಗಿಡಮರಗಳ ಆರೈಕೆಯನ್ನು ಕುರಿತ ಶಾಸ್ತ್ರಕ್ಕೆ ವೃಕ್ಷಾಯುರ್ವೇದವೆಂಬ ಹೆಸರು ಸಂದಿತ್ತು. ಕೌಟಿಲ್ಯನ ಅರ್ಥಶಾಸ್ತ್ರವು ಸೀತಾಧ್ಯಕ್ಷನು ಇದನ್ನು ಬಲ್ಲವನಾಗಿರಬೇಕೆಂದು ವಿಧಿಸುತ್ತದೆ. ಕನ್ನಡದಲ್ಲಿಯೂ ಕಲ್ಯಾಣದ ಚಾಲುಕ್ಯ ಇಮ್ಮಡಿ ಜಯಸಿಂಹನ ಕಾಲದಲ್ಲಿ, ಕ್ರಿ.ಶ. 1025ರಲ್ಲಿ, ರಚಿತವಾದ ಲೋಕೋಪಕಾರದಲ್ಲಿ ಈ ವಿಷಯಕ್ಕೆ ಸ್ಥಾನ ದೊರೆತಿದೆ. ಇದರ ಕರ್ತೃವಾದ ಚಾವುಂಡರಾಯನು ಗೊಮ್ಮಟಮೂರ್ತಿಯನ್ನು ಮಾಡಿಸಿದ ಗಂಗಮಂತ್ರಿಯಿಂದ ಭಿನ್ನನೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ.

ಆದರೆ ಈ ಶಾಸ್ತ್ರದ ಮಾತು ಬಂದಾಗ ಮೊದಲು ನೆನಪಾಗುವುದು ಕುಣಪಜಲ. ಪ್ರಾಣಿಗಳ ಮಾಂಸ, ಮಜ್ಜೆ ಮುಂತಾದವುಗಳನ್ನು ಬೇಯಿಸಿ ಕೊಳೆಯಿಸಿ ಸಿದ್ಧಪಡಿಸುವ ಈ ದ್ರವಗೊಬ್ಬರದ ಕಾರಣದಿಂದ ಇಡೀ ಶಾಸ್ತ್ರವೇ ಅಹಿಂಸಾವ್ರತಿಗೆ ಅಗ್ರಾಹ್ಯವೆಂದು ಭಾವಿಸುವುದಕ್ಕೆ ಎಡೆಯುಂಟು. ಈ ಅಭಿಪ್ರಾಯವು ಗ್ರಂಥಗಳ ಪಾಠಕ್ಕೆ ಎಷ್ಟರಮಟ್ಟಿಗೆ ಹೊಂದುತ್ತದೆಯೆಂಬುದನ್ನು ಪಾಂಡುಪತ್ರವೆಂಬ ಒಂದೇ ರೋಗವನ್ನು ಆಧಾರವಾಗಿಟ್ಟುಕೊಂಡು ಪರಿಶೀಲಿಸಬಹುದು.

ಜೈನಾಗಮದ ದೃಷ್ಟಿಯಿಂದ ಈ ಪ್ರಶ್ನೆ ಲಘುವಾದುದಲ್ಲ. ವನಸ್ಪತಿಯು ಸ್ಪರ್ಶೇಂದ್ರಿಯವೊಂದನ್ನೇ ಉಳ್ಳ ಸ್ಥಾವರ ಜೀವ. ಆಚಾರಾಂಗದ ಪ್ರಥಮ ಅಧ್ಯಯನದಲ್ಲಿ ಮನುಷ್ಯಶರೀರಕ್ಕೂ ವನಸ್ಪತಿಗೂ ಸಾಮ್ಯವನ್ನು ತೋರಿಸಲಾಗಿದೆ. ಹುಟ್ಟುವುದು, ಬೆಳೆಯುವುದು, ಕತ್ತರಿಸಿದಾಗ ಬಾಡುವುದು, ಆಹಾರವನ್ನು ಅಪೇಕ್ಷಿಸುವುದು ಇವು ಎರಡಕ್ಕೂ ಸಮಾನ. ಆದ್ದರಿಂದ ಹಳದಿಗಟ್ಟಿದ ಎಲೆ ಒಂದು ಜೀವದ ವ್ಯಾಧಿಯ ಲಕ್ಷಣ. ಒಂದು ಏಕೇಂದ್ರಿಯ ಜೀವದ ವ್ಯಾಧಿಯನ್ನು ನೀಗಲು ಪಂಚೇಂದ್ರಿಯ ಜೀವದ ಮಾಂಸವನ್ನು ಬಳಸುವುದು ಶ್ರಾವಕನಿಗೆ ಸಲ್ಲದು.

ಮೊದಲು ವರಾಹಮಿಹಿರನ ಬೃಹತ್ಸಂಹಿತೆಯನ್ನು ನೋಡಬಹುದು. ಆರನೆಯ ಶತಮಾನದ ಈ ಗ್ರಂಥದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವಿದೆ. ಶೀತ, ವಾತ, ಆತಪ ಈ ಮೂರರಿಂದ ಮರಕ್ಕೆ ರೋಗ ಬರುತ್ತದೆಯೆಂದು ಅಲ್ಲಿ ಹೇಳಿದೆ. ಎಲೆ ಪಾಂಡುವರ್ಣಕ್ಕೆ ತಿರುಗುವುದು, ಚಿಗುರು ಬೆಳೆಯದಿರುವುದು, ಕೊಂಬೆ ಒಣಗುವುದು, ರಸ ಸೋರುವುದು ಎಂಬ ನಾಲ್ಕು ಲಕ್ಷಣಗಳನ್ನು ಕೊಡಲಾಗಿದೆ. ಇವುಗಳಲ್ಲಿ ಪಾಂಡುಪತ್ರತೆಗೇ ಮೊದಲ ಸ್ಥಾನ. ಚಿಕಿತ್ಸೆಯ ಕ್ರಮ ಸರಳವಾದುದು. ಮೊದಲು ಶಸ್ತ್ರದಿಂದ ಕೆಟ್ಟ ಭಾಗವನ್ನು ಶೋಧಿಸಬೇಕು. ಅನಂತರ ವಾಯುವಿಳಂಗ, ತುಪ್ಪ ಮತ್ತು ಕೆಸರನ್ನು ಕಲಸಿ ಲೇಪಿಸಬೇಕು. ಬಳಿಕ ಹಾಲು ಬೆರೆಸಿದ ನೀರನ್ನು ಎರೆಯಬೇಕು. ಇದರಲ್ಲಿ ಮಾಂಸದ ಪ್ರಸ್ತಾಪವೇ ಇಲ್ಲ. ಫಲನಾಶಕ್ಕೆ ಹೇಳಿದ ಚಿಕಿತ್ಸೆಯಲ್ಲಿಯೂ ಹುರುಳಿ, ಉದ್ದು, ಹೆಸರು, ಎಳ್ಳು, ಜವೆ ಇವುಗಳೊಡನೆ ಕಾಯಿಸಿ ಆರಿಸಿದ ಹಾಲೇ ಔಷಧ. ಮಾಂಸವು ಕಾಣಿಸಿಕೊಳ್ಳುವುದು ಅದರ ಮುಂದೆ, ಹೂವು ಹಣ್ಣುಗಳ ಸಮೃದ್ಧಿಗಾಗಿ ಹೇಳಿದ ಯೋಗದಲ್ಲಿ. ರೋಗವನ್ನು ನೀಗುವ ಔಷಧ ಬೇರೆ, ಫಸಲನ್ನು ಹೆಚ್ಚಿಸುವ ಗೊಬ್ಬರ ಬೇರೆ ಎಂಬ ಈ ವಿಭಾಗವು ಬಹಳ ಗಮನಾರ್ಹವಾದುದು.

ಸುರಪಾಲನ ವೃಕ್ಷಾಯುರ್ವೇದವು ಇನ್ನೂ ವಿಸ್ತಾರವಾದ ಗ್ರಂಥ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಉಳಿದಿದ್ದ ಹಸ್ತಪ್ರತಿಯ ಆಧಾರದಿಂದ ನಳಿನಿ ಸಾಧಲೆ ಅವರ ಇಂಗ್ಲಿಷ್ ಅನುವಾದದೊಡನೆ ಇದು 1996ರಲ್ಲಿ ಸಿಕಂದರಾಬಾದಿನಿಂದ ಪ್ರಕಟವಾಯಿತು. ಸುರಪಾಲನು ಮನುಷ್ಯವೈದ್ಯದ ತ್ರಿದೋಷ ಸಿದ್ಧಾಂತವನ್ನು ಮರಗಳಿಗೂ ಅನ್ವಯಿಸುತ್ತಾನೆ. ಎಲೆ ಹಳದಿಯಾಗುವುದು ಮುಖ್ಯವಾಗಿ ಪಿತ್ತದ ಲಕ್ಷಣ. ಅದು ಬೇಸಗೆಯ ಕೊನೆಯಲ್ಲಿ, ಕಹಿ, ಹುಳಿ, ಉಪ್ಪು, ತೀಕ್ಷ್ಣ ದ್ರವ್ಯಗಳು ಬೇರಿಗೆ ಅತಿಯಾಗಿ ಸೇರಿದಾಗ ತಲೆದೋರುತ್ತದೆ. ಕಫದೋಷದಲ್ಲಿಯೂ ಬಿಳಿಚಿಕೊಳ್ಳುವಿಕೆ ಉಂಟು. ಆದರೆ ಅದರ ಕಾಲ ಚಳಿಗಾಲ ಮತ್ತು ವಸಂತ, ಕಾರಣ ಶೀತಸ್ನಿಗ್ಧ ದ್ರವ್ಯಗಳ ಅತಿಸೇಚನ. ಹೀಗೆ ಎಲೆಯ ಬಣ್ಣವೊಂದರಿಂದಲೇ ನಿರ್ಣಯಕ್ಕೆ ಬಾರದೆ ಋತು, ನೀರು, ಬೇರಿಗೆ ಸೇರಿದ ದ್ರವ್ಯ ಇವುಗಳನ್ನು ಕೂಡಿಸಿ ವಿಚಾರಿಸುವುದು ಅವನ ಕ್ರಮ.

ಚಿಕಿತ್ಸೆಯೂ ಇದಕ್ಕೆ ಅನುಗುಣವಾಗಿದೆ. ಪಿತ್ತಕ್ಕೆ ಹಾಲು, ಜ್ಯೇಷ್ಠಮಧು, ಹಿಪ್ಪೆ, ಜೇನುತುಪ್ಪ ಮೊದಲಾದ ಶೀತಮಧುರ ದ್ರವ್ಯಗಳ ಸೇಚನ. ಕಫಕ್ಕೆ ಬುಡದ ಮಣ್ಣನ್ನು ತೆಗೆದು ಒಣಗಿದ ಹೊಸ ಮಣ್ಣನ್ನು ತುಂಬುವುದು. ಮಾಂಸವಸಾದಿಗಳನ್ನು ಅವನು ಹೇಳುವುದು ವಾತದೋಷಕ್ಕೆ. ಆದ್ದರಿಂದ ಹಳದಿ ಎಲೆಯ ಮಟ್ಟಿಗೆ ಸುರಪಾಲನ ಪಾಠವೂ ಮಾಂಸವನ್ನು ಬೇಡುವುದಿಲ್ಲ. ಆದರೆ ಅಷ್ಟರಿಂದಲೇ ಅದು ನಿರ್ದೋಷವೆನ್ನಲಾಗದು. ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಮೂಲಗುಣವಾಗಿ ಹೊಂದಿದ ಶ್ರಾವಕನಿಗೆ ಜೇನುತುಪ್ಪವೂ ವರ್ಜ್ಯ. ಈ ದೃಷ್ಟಿಯಿಂದ ವರಾಹಮಿಹಿರನ ಯೋಗವೇ ಹೆಚ್ಚು ಗ್ರಾಹ್ಯ. ಅದರಲ್ಲಿಯೂ ಕೊಂಬೆಯನ್ನು ಕತ್ತರಿಸುವುದರಿಂದ ಸ್ಥಾವರಹಿಂಸೆ ತಪ್ಪದು. ಆದರೆ ಅಣುವ್ರತಿಯ ಸಂಪೂರ್ಣ ತ್ಯಾಗ ತ್ರಸಹಿಂಸೆಗೆ ಸಂಬಂಧಿಸಿದುದು, ಸ್ಥಾವರದ ವಿಷಯದಲ್ಲಿ ಅವನಿಗೆ ಹೇಳಿದುದು ಮಿತಿ. ಔಷಧದಿಂದ ಮಾಂಸವನ್ನು ಹೊರಗಿಡುವ ವಿಚಾರವು ಈ ನಾಡಿಗೆ ಹೊಸದೂ ಅಲ್ಲ. ಉಗ್ರಾದಿತ್ಯಾಚಾರ್ಯನು ಕಲ್ಯಾಣಕಾರಕದ ಹಿತಾಹಿತಾಧ್ಯಾಯದಲ್ಲಿ ಮನುಷ್ಯವೈದ್ಯದಲ್ಲಿ ಮಾಂಸದ ಬಳಕೆಯನ್ನು ಖಂಡಿಸಿರುವುದು ಪ್ರಸಿದ್ಧವಾಗಿದೆ.

ಈ ಪ್ರಾಚೀನ ನಿದಾನವನ್ನು ಇಂದಿನ ಸಸ್ಯವಿಜ್ಞಾನದೊಡನೆ ಹೋಲಿಸುವುದು ಉಚಿತ. ಹಳೆಯ ಎಲೆಗಳು ಮೊದಲು ಒಂದೇ ಸಮನೆ ಹಳದಿಯಾದರೆ ಸಾರಜನಕದ ಕೊರತೆ, ಚಿಗುರೆಲೆಗಳು ನರ ಹಸುರಾಗಿ ಉಳಿದು ನಡುವೆ ಹಳದಿಯಾದರೆ ಕಬ್ಬಿಣದ ಕೊರತೆ ಎಂದು ಸಾಮಾನ್ಯವಾಗಿ ಊಹಿಸಲಾಗುತ್ತದೆ. ಸುಣ್ಣದ ಅಂಶ ಹೆಚ್ಚಾದ ಮಣ್ಣಿನಲ್ಲಿ ನೆಟ್ಟ ನಿಂಬೆಯ ಗಿಡದಲ್ಲಿ ಈ ಎರಡನೆಯ ಲಕ್ಷಣವನ್ನು ಕಾಣಬಹುದು. ನೀರು ನಿಂತು ಬೇರಿಗೆ ಗಾಳಿಯಾಡದಿದ್ದರೂ, ಉಪ್ಪಿನ ಅಂಶ ಮಿತಿಮೀರಿದರೂ ಎಲೆ ಹಳದಿಯಾಗುತ್ತದೆ. ಸುರಪಾಲನು ಉಪ್ಪನ್ನು ಪಿತ್ತಕ್ಕೆ ಕಾರಣವೆಂದುದೂ, ಕಫಕ್ಕೆ ಒಣಮಣ್ಣನ್ನು ವಿಧಿಸಿದುದೂ ಈ ಅನುಭವಕ್ಕೆ ಸಮೀಪವಾಗಿವೆ.

ಒಂದು ಭೇದವನ್ನು ಮಾತ್ರ ಮರೆಯಬಾರದು. ಮನುಷ್ಯನ ಪಾಂಡುರೋಗಕ್ಕೆ ಚರಕಸಂಹಿತೆಯು ಲೋಹಯುಕ್ತವಾದ ನವಾಯಸ ಚೂರ್ಣವನ್ನು ಹೇಳುತ್ತದೆ. ಪಾಂಡುವೆಂಬ ಅದೇ ಹೆಸರು ಎಲೆಗೆ ಬಂದರೂ, ಮೇಲೆ ಪರಿಶೀಲಿಸಿದ ಯೋಗಗಳಲ್ಲಿ ಲೋಹವು ಕಾಣುವುದಿಲ್ಲ. ಕಬ್ಬಿಣದ ಲವಣದಿಂದ ಹಳದಿ ಎಲೆ ಹಸುರಾಗುವುದನ್ನು ಫ್ರಾನ್ಸಿನ ಯೂಜೆಬ್ ಗ್ರಿ 1840ರ ದಶಕದಲ್ಲಿ ತೋರಿಸಿದನು. ಆದಕಾರಣ ಪ್ರಾಚೀನರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಯುಕ್ತವಲ್ಲ.

ಗ್ರಂಥಸಂಪಾದನೆಯ ದೃಷ್ಟಿಯಿಂದ ಇದರಲ್ಲಿ ಒಂದು ಪಾಠವಿದೆ. ಜೈನ ಭಂಡಾರಗಳಲ್ಲಿ ವೈದ್ಯಕ, ಜ್ಯೋತಿಷ ಮುಂತಾದ ಲೌಕಿಕ ಶಾಸ್ತ್ರಗಳ ಪ್ರತಿಗಳೂ ರಕ್ಷಿತವಾಗಿ ಬಂದಿವೆ. ಒಂದು ಶಾಸ್ತ್ರದಲ್ಲಿ ವರ್ಜ್ಯವಾದ ಯೋಗವಿದೆಯೆಂದು ಇಡೀ ಗ್ರಂಥವನ್ನು ಬದಿಗಿರಿಸಿದರೆ ಅದರಲ್ಲಿರುವ ಗ್ರಾಹ್ಯಾಂಶವೂ ಕೈತಪ್ಪುತ್ತದೆ. ಯೋಗಯೋಗವನ್ನು ಬೇರೆ ಬೇರೆಯಾಗಿ ಓದಿ, ಯಾವುದು ಯಾವ ರೋಗಕ್ಕೆ ಹೇಳಿದುದು ಎಂಬುದನ್ನು ಪಾಠದಿಂದಲೇ ನಿರ್ಧರಿಸುವುದು ಅಗತ್ಯ. ಹಾಗೆ ಓದಿದಾಗ, ಹಿತ್ತಲಿನ ರೋಗಗ್ರಸ್ತ ಗಿಡಕ್ಕೆ ಹಾಲುನೀರನ್ನೆರೆಯುವ ಶ್ರಾವಕನು ಶಾಸ್ತ್ರವನ್ನೂ ವ್ರತವನ್ನೂ ಏಕಕಾಲದಲ್ಲಿ ಪಾಲಿಸಬಲ್ಲನೆಂಬುದು ಸ್ಪಷ್ಟವಾಗುತ್ತದೆ.