ಪದ ಪರಿಚಯ: ಮುತ್ತು

‘ಮುತ್ತು’ ದ್ರಾವಿಡ ಪದ. ತಮಿಳಿನಲ್ಲೂ ಅದೇ ರೂಪ. ಸಂಸ್ಕೃತದ ‘ಮುಕ್ತಾ’ ಇದರಿಂದಲೇ ಹುಟ್ಟಿತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಸಿಂಧನೂರು ತಾಲ್ಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳ ಬಂಗಾಳಿಗಳಿಗೆ ಅದು ‘ಮುಕ್ತೋ’. ರೂಪ ಯಾವುದಾದರೂ ಅರ್ಥ ಒಂದೇ: ಚಿಪ್ಪಿನ ಜೀವಿಯ ಒಡಲಲ್ಲಿ ಪದರ ಪದರವಾಗಿ ಬೆಳೆದ ಮಣಿ. ಅಂಗಡಿಯಲ್ಲಿ ಮಾತ್ರ ಹಿಂದೆ ಸೇರುವ ವಿಶೇಷಣಗಳು ಈ ಅರ್ಥವನ್ನು ಸಡಿಲಿಸುತ್ತವೆ. ‘ಕಲ್ಚರ್ಡ್ ಮುತ್ತು’ ಕೃಷಿಯಿಂದ ಬಂದ ನಿಜವಾದ ಮುತ್ತು. ಜಪಾನಿನ ಮಿಕಿಮೊಟೊ 1893ರಲ್ಲಿ ಅರೆಗೋಳದ ಮುತ್ತು ಬೆಳೆಸಿ ತೋರಿಸಿದರು. ‘ಶೆಲ್ ಪರ್ಲ್’ ಅದೇ ಜಾತಿಯದೆನ್ನುವಂತೆ ಕೇಳಿಸಿದರೂ ಚಿಪ್ಪಿನಿಂದ ಮಾಡಿದ ಮಣಿಗೆ ಹೊಳಪು ಲೇಪಿಸಿದ ನಕಲಿ. ದಾರ ಪೋಣಿಸುವ ತೂತಿನ ಅಂಚಿನಲ್ಲಿ ಲೇಪ ಸಿಪ್ಪೆ ಎದ್ದಿದ್ದರೆ ಗುಟ್ಟು ರಟ್ಟಾಗುತ್ತದೆ.

ಬೆಲೆ ನೋಡಿದರೆ ತಿಳಿಯದೇ ಎನ್ನಬಹುದು. ಆದರೆ ಸಿಹಿನೀರಿನ ನಿಜಮುತ್ತು ಅಗ್ಗಕ್ಕೂ ಸಿಗುವುದರಿಂದ ಬೆಲೆ ಸಾಕ್ಷಿಯಾಗದು. ಕಡಲಿಲ್ಲದ ಊರಿನ ‘ಹೈದರಾಬಾದ್ ಮುತ್ತು’ ಕೂಡ ಸುಳ್ಳಲ್ಲವೇ? 1956ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದ ರಾಯಚೂರು ಸೀಮೆಗೆ ಈ ಹೆಸರು ಹೊಸದಲ್ಲ. ಅದು ತೂತು ಕೊರೆದು ಮಾರುವ ಊರನ್ನು ಹೇಳುತ್ತದೆಯೇ ಹೊರತು ಗಾಜನ್ನು ಮುತ್ತೆನ್ನುವುದಿಲ್ಲ. ವಸ್ತುವನ್ನು ಸುಳ್ಳಾಗಿ ವರ್ಣಿಸುವ ಜಾಹೀರಾತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತೆಂದೇ ಪರಿಗಣಿಸುತ್ತದೆ. ನಕಲಿ ಸರವನ್ನು ಯಾರು ಬೇಕಾದರೂ ಮಾರಬಹುದು, ಇಷ್ಟಪಟ್ಟು ಕೊಳ್ಳಲೂಬಹುದು. ಆದರೆ ರಸೀದಿಯಲ್ಲಿ ‘ನಕಲಿ ಮುತ್ತು’ ಎಂದೇ ಬರೆದಿರಬೇಕು.